ಸುಸ್ಥಿರತೆಯಿಂದ ಲಾಭ ಬರುತ್ತಾ? ಬೋರ್ಡ್‌ಗೆ ಟಿಪ್ಪಣಿ ಬರೆಯುವವರಿಗೆ ಒಂದು ಉತ್ತರ

ಓದುಗರ ಪ್ರಶ್ನೆ: ನಾನು ಮಧ್ಯಮ ಗಾತ್ರದ ಉತ್ಪಾದನಾ ಕಂಪನಿಯೊಂದರ ಕಾರ್ಯತಂತ್ರ ವಿಭಾಗದಲ್ಲಿದ್ದೇನೆ. ಸುಸ್ಥಿರತೆಯ ಬಗ್ಗೆ ಬೋರ್ಡ್‌ಗೆ ಒಂದು ಟಿಪ್ಪಣಿ ಬರೆದುಕೊಡಬೇಕು. ಒಬ್ಬ ನಿರ್ದೇಶಕರು "ಶೇ 90ರಷ್ಟು ಸಂಶೋಧನೆ ಇದರಿಂದ ಲಾಭ ಅಂತಲೇ ಹೇಳುತ್ತದೆ" ಅನ್ನುತ್ತಾರೆ. ಇನ್ನೊಬ್ಬರು "ಇದೆಲ್ಲ ತೋರಿಕೆ, ಕಂಪನಿಯ ಕೆಲಸ ಲಾಭ ಮಾಡುವುದು" ಅನ್ನುತ್ತಾರೆ. ಒಂದು ರೇಟಿಂಗ್ ಸಂಸ್ಥೆ ನಮಗೆ ಒಳ್ಳೆಯ ಅಂಕ ಕೊಟ್ಟಿದೆ, ಇನ್ನೊಂದು ಕೆಳಗಿಟ್ಟಿದೆ. ಸಿಇಒ ಬೋನಸ್ಸನ್ನು ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಂಕಕ್ಕೆ ಕಟ್ಟೋಣ ಎಂಬ ಪ್ರಸ್ತಾವವೂ ಇದೆ. ಸಂಶೋಧನೆ ನಿಜವಾಗಿ ಏನು ಹೇಳುತ್ತದೆ?

ಉತ್ತರ:

ಆ ಶೇ 90ರಿಂದಲೇ ಶುರು ಮಾಡೋಣ. ಬೋರ್ಡ್ ಸಭೆಗಳಲ್ಲಿ ನಾನು ಪದೇ ಪದೇ ಕೇಳುವ, ಪ್ರತಿ ಸಲವೂ ತಪ್ಪಾಗಿ ಬಳಕೆಯಾಗುವ ಅಂಕಿ ಅದು.

ಅಂಕಿ ಸುಳ್ಳಲ್ಲ. 2015ರಲ್ಲಿ ಗುನ್ನಾರ್ ಫ್ರೀಡೆ, ಟಿಮೊ ಬುಶ್ ಮತ್ತು ಅಲೆಕ್ಸಾಂಡರ್ ಬಾಸೆನ್ 2,000ಕ್ಕೂ ಹೆಚ್ಚು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಪರಿಸರ, ಸಮಾಜ, ಆಡಳಿತ ಮೂರನ್ನೂ ಸೇರಿಸಿ ಇಎಸ್‌ಜಿ ಅನ್ನುತ್ತಾರಲ್ಲ, ಅದಕ್ಕೂ ಕಂಪನಿಯ ಹಣಕಾಸಿಗೂ ಏನು ನಂಟು ಎಂಬುದು ಅವರ ಪ್ರಶ್ನೆ. ಅವರು ಬರೆದದ್ದು ಇಷ್ಟು: ಸುಮಾರು ಶೇ 90ರಷ್ಟು ಅಧ್ಯಯನಗಳಲ್ಲಿ ಈ ನಂಟು ಋಣಾತ್ಮಕವಾಗಿಲ್ಲ. "ಋಣಾತ್ಮಕವಾಗಿಲ್ಲ" ಎಂಬ ಮಾತನ್ನು ಎರಡು ಸಲ ಓದಿ. ಯಾವ ನಂಟೂ ಕಾಣದ ಅಧ್ಯಯನಗಳು ಇದರೊಳಗೆ ಸೇರಿವೆ. ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಎಂದವೂ ಸೇರಿವೆ. ಒಂದೊಂದಾಗಿ ಎಣಿಸಿ ನೋಡಿದ ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಒಳ್ಳೆಯ ನಂಟು ಕಂಡದ್ದು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನಷ್ಟ ಕಾಣಲಿಲ್ಲ ಅನ್ನುವುದು ಬೇರೆ, ಲಾಭ ಆಯಿತು ಅನ್ನುವುದು ಬೇರೆ.

ಸರಿ, ಅರ್ಧದಷ್ಟಾದರೂ ಒಳ್ಳೆಯ ನಂಟು ಇದೆಯಲ್ಲ, ಅಷ್ಟು ಸಾಲದೇ ಅಂತ ನಿಮ್ಮ ನಿರ್ದೇಶಕರು ಕೇಳಬಹುದು. ಇಲ್ಲೇ ಹಳೆಯ ತೊಡಕು ಬರುತ್ತದೆ. ಒಳ್ಳೆಯ ಕೆಲಸ ಮಾಡಿದ್ದರಿಂದ ಕಂಪನಿಗೆ ಲಾಭ ಬಂತೋ, ಲಾಭ ಇದ್ದದ್ದರಿಂದ ಒಳ್ಳೆಯ ಕೆಲಸಕ್ಕೆ ಕೈ ಹಾಕಿತೋ? ಸಾಂಡ್ರಾ ವ್ಯಾಡಕ್ ಮತ್ತು ಸ್ಯಾಮ್ಯುಯೆಲ್ ಗ್ರೇವ್ಸ್ 1997ರಲ್ಲೇ ಇದನ್ನು ಪರಿಶೀಲಿಸಿ, ನಂಟು ಎರಡೂ ದಿಕ್ಕಿನಲ್ಲಿ ಕಾಣುತ್ತದೆ ಎಂದರು. ಕೈಯಲ್ಲಿ ಹಣ ಇರುವ ಕಂಪನಿ ಹೆಚ್ಚು ಖರ್ಚು ಮಾಡುತ್ತದೆ. ಚೆನ್ನಾಗಿ ನಡೆಯುವ ಕಂಪನಿ ಎಲ್ಲವನ್ನೂ ಚೆನ್ನಾಗಿಯೇ ಮಾಡುತ್ತದೆ. ಸುಮ್ನೆ ಎರಡು ಗೆರೆ ಒಟ್ಟಿಗೆ ಮೇಲೇರಿದ್ದನ್ನು ನೋಡಿ ಯಾವುದು ಯಾವುದನ್ನು ಎತ್ತಿತು ಅಂತ ಹೇಳಲಾಗದು.

ಈ ಗಂಟನ್ನು ಬಿಡಿಸಲು ಕ್ಯಾರೊಲಿನ್ ಫ್ಲ್ಯಾಮರ್ ಬಳಸಿದ ಉಪಾಯ ನನಗೆ ತುಂಬಾ ಇಷ್ಟ. ಷೇರುದಾರರ ಸಭೆಯಲ್ಲಿ ಸಾಮಾಜಿಕ ಹೊಣೆಗೆ ಸಂಬಂಧಿಸಿದ ಪ್ರಸ್ತಾವಗಳು ಮತಕ್ಕೆ ಬರುತ್ತವೆ. ಕೆಲವು ಕೂದಲೆಳೆಯಲ್ಲಿ ಗೆಲ್ಲುತ್ತವೆ, ಕೆಲವು ಕೂದಲೆಳೆಯಲ್ಲಿ ಸೋಲುತ್ತವೆ. ಶೇ 50ರ ಗೆರೆಯ ಆಚೆ ಈಚೆ ಇರುವ ಈ ಕಂಪನಿಗಳ ನಡುವೆ ಬೇರೆ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಗೆದ್ದದ್ದು, ಸೋತದ್ದು ಬಹುಮಟ್ಟಿಗೆ ಅದೃಷ್ಟ. ಆದ್ದರಿಂದ ಮುಂದೆ ಅವುಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಪ್ರಸ್ತಾವವೇ ಕಾರಣ ಎಂದು ನಂಬಬಹುದು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಪ್ರಸ್ತಾವ ಜಾರಿಯಾದರೆ ಷೇರುದಾರರ ಸಂಪತ್ತು ಶೇ 1.77ರಷ್ಟು ಹೆಚ್ಚುತ್ತದೆ. ಮುಂದಿನ ವರ್ಷಗಳ ಲೆಕ್ಕಪತ್ರಗಳಲ್ಲೂ ಒಳ್ಳೆಯ ಪರಿಣಾಮ ಕಂಡಿತು. ಕಾರಣವನ್ನು ಇಷ್ಟು ಚೊಕ್ಕವಾಗಿ ಬೇರ್ಪಡಿಸಿದ ಕೆಲಸ ಈ ಕ್ಷೇತ್ರದಲ್ಲಿ ಅಪರೂಪ. ಆದರೂ ಒಂದು ಎಚ್ಚರ ಇರಲಿ. ಇದು ಗೆರೆಯ ಹತ್ತಿರ ಬಂದ ಪ್ರಸ್ತಾವಗಳ ಕಥೆ. ಎಲ್ಲ ಕಂಪನಿಗಳ ಎಲ್ಲ ಖರ್ಚಿಗೂ ಇದನ್ನು ಹೊದಿಸಲಾಗದು.

ಷೇರು ಬೆಲೆಯ ಮಾತು ಬಂದಾಗ ಇನ್ನೊಂದು ಗೊಂದಲ ಏಳುತ್ತದೆ. ಹಸಿರು ಕಂಪನಿಗಳ ಷೇರು ಹೋದ ದಶಕದಲ್ಲಿ ಚೆನ್ನಾಗಿ ಏರಿತಲ್ಲ, ಅದೇ ಸಾಕ್ಷಿ ಅಲ್ವಾ ಅಂತ ಕೇಳುತ್ತಾರೆ. ಲೂಬೊಷ್ ಪಾಸ್ಟರ್, ರಾಬರ್ಟ್ ಸ್ಟ್ಯಾಂಬೊ ಮತ್ತು ಲೂಸಿಯನ್ ಟೇಲರ್ 2022ರಲ್ಲಿ ತೋರಿಸಿದ್ದು ಬೇರೆಯೇ. ಆ ಏರಿಕೆಗೆ ಮುಖ್ಯ ಕಾರಣ, ಹವಾಮಾನದ ಬಗ್ಗೆ ಜನರ ಕಾಳಜಿ ಯಾರೂ ಎಣಿಸದಷ್ಟು ಹೆಚ್ಚಿದ್ದು. ಎಲ್ಲರೂ ಬಯಸುವ ಷೇರಿನ ಬೆಲೆ ಈಗಲೇ ಏರಿಬಿಟ್ಟರೆ ಮುಂದೆ ಅದರಿಂದ ಬರುವ ಆದಾಯ ಕಡಿಮೆಯೇ ಆಗಬೇಕು. ಹಿಂದಿನ ಏರಿಕೆಯನ್ನು ಮುಂದಿನ ಭರವಸೆಯಾಗಿ ನಿಮ್ಮ ಟಿಪ್ಪಣಿಯಲ್ಲಿ ಬರೆಯಬೇಡಿ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. "ಸುಸ್ಥಿರತೆಯಿಂದ ಲಾಭವೇ?" ಎಂಬ ಪ್ರಶ್ನೆಗೆ ಬೋರ್ಡ್‌ಗೆ ಉಪಯೋಗವಾಗುವ ಉತ್ತರವೇ ಇಲ್ಲ. "ಜಾಹೀರಾತಿನಿಂದ ಲಾಭವೇ?" ಎಂದು ಕೇಳಿದ ಹಾಗೆ ಅದು. ಯಾವ ಜಾಹೀರಾತು, ಯಾವ ಸರಕಿಗೆ, ಎಷ್ಟು ಕಾಲ? ಇಲ್ಲೂ ಅಷ್ಟೇ. ನಿಮ್ಮ ವ್ಯಾಪಾರಕ್ಕೆ ಯಾವ ವಿಷಯ ತಟ್ಟುತ್ತದೆ, ಎಷ್ಟು ವರ್ಷದಲ್ಲಿ ತಟ್ಟುತ್ತದೆ, ಆ ನಿರ್ಧಾರ ಯಾರ ಕೈಯಲ್ಲಿದೆ? ಟಿಪ್ಪಣಿ ನಿಲ್ಲಬೇಕಾದದ್ದು ಈ ಮೂರರ ಮೇಲೆ.

ಮೊದಲನೆಯದು, ಯಾವ ವಿಷಯ. ಪಾನೀಯ ತಯಾರಿಸುವವರಿಗೆ ನೀರು ಉಸಿರು. ಬ್ಯಾಂಕಿಗೆ ಗ್ರಾಹಕರ ಮಾಹಿತಿಯ ಸುರಕ್ಷತೆ ಮುಖ್ಯ. ಬಟ್ಟೆ ಕಂಪನಿಗೆ ಹೊಲಿಗೆ ಕಾರ್ಖಾನೆಯ ಕೆಲಸಗಾರರ ಸ್ಥಿತಿ ಮುಖ್ಯ. ಹೀಗೆ ವ್ಯಾಪಾರಕ್ಕೆ ನೇರವಾಗಿ ತಟ್ಟುವ ವಿಷಯವನ್ನು 'ಮೆಟೀರಿಯಲ್' ಅನ್ನುತ್ತಾರೆ. ಮೊಜಾಫರ್ ಖಾನ್, ಜಾರ್ಜ್ ಸೆರಾಫೀಮ್ ಮತ್ತು ಆರನ್ ಯೂನ್ 2016ರಲ್ಲಿ ಒಂದು ಲೇಖನ ಬರೆದರು. ಮೆಟೀರಿಯಲ್ ವಿಷಯಗಳಲ್ಲಿ ಮುಂದಿರುವ ಕಂಪನಿಗಳು ಷೇರು ಮಾರುಕಟ್ಟೆಯಲ್ಲಿ ಗೆದ್ದವು, ಸಂಬಂಧವಿಲ್ಲದ ವಿಷಯಗಳಲ್ಲಿ ಮುಂದಿದ್ದವರಿಗೆ ಅಂಥ ಲಾಭ ಕಾಣಲಿಲ್ಲ ಎಂದರು. ಸಲಹೆಗಾರರು ಇದನ್ನು ಎಲ್ಲ ಕಡೆ ಕೊಂಡೊಯ್ದರು. ಆಮೇಲೆ ಲೂಕಾ ಬೆರ್ಕಿಚಿ ಮತ್ತು ಆಂಡ್ರ್ಯೂ ಕಿಂಗ್ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಲೆಕ್ಕದ ವಿಧಾನವನ್ನು ಬೇರೆ ಬೇರೆ ಸಮಂಜಸ ರೀತಿಯಲ್ಲಿ ಬದಲಿಸಿ ನೋಡಿದರೆ ಆ ಫಲಿತಾಂಶ ನಿಲ್ಲುವುದಿಲ್ಲ ಎಂದು 2022ರಲ್ಲಿ ತೋರಿಸಿದರು.

ಹಾಗಾದರೆ ಮೆಟೀರಿಯಲ್ ಎಂಬ ವಿಚಾರವನ್ನೇ ಬಿಟ್ಟುಬಿಡಬೇಕೇ? ಬೇಡ. ನಿಮ್ಮ ಕಚ್ಚಾವಸ್ತು ಎಲ್ಲಿಂದ ಬರುತ್ತದೆ, ವಿದ್ಯುತ್ತಿಗೆ ಎಷ್ಟು ಖರ್ಚು, ಗ್ರಾಹಕರು ಮುಂದೆ ಏನು ಕೇಳಬಹುದು ಎಂದು ಯೋಚಿಸಲು ಯಾವ ಪ್ರಬಂಧದ ಅಪ್ಪಣೆಯೂ ಬೇಕಿಲ್ಲ. ಅದು ಕಾರ್ಯತಂತ್ರದ ಮೂಲ ಕೆಲಸ. ಬಿಡಬೇಕಾದದ್ದು "ಇದರಿಂದ ಷೇರು ಇಷ್ಟು ಏರುತ್ತದೆ" ಎಂಬ ಖಚಿತ ಭರವಸೆಯನ್ನು. ಒಂದು ವಿಷಯದ ಮೇಲೆ ಗಟ್ಟಿಯಾಗಿ ನಿಂತ ಅಧ್ಯಯನ ಬೇಕಿದ್ದರೆ ಅಲೆಕ್ಸ್ ಎಡ್‌ಮನ್ಸ್ ಅವರ ಕೆಲಸ ನೋಡಿ. ಅಮೆರಿಕದಲ್ಲಿ ಕೆಲಸಕ್ಕೆ ಅತ್ಯುತ್ತಮ ಎನಿಸಿಕೊಂಡ 100 ಕಂಪನಿಗಳ ಪಟ್ಟಿಯನ್ನು ಅವರು 1984ರಿಂದ 2009ರವರೆಗೆ ಬೆನ್ನು ಹತ್ತಿದರು. ಆ ಷೇರುಗಳು ತಮ್ಮದೇ ಉದ್ಯಮದ ಅಳತೆಗೋಲಿಗಿಂತ ವರ್ಷಕ್ಕೆ ಶೇ 2.1ರಷ್ಟು ಹೆಚ್ಚು ಗಳಿಸಿದ್ದವು. ಎಲ್ಲವನ್ನೂ ಒಂದೇ ಅಂಕದಲ್ಲಿ ಕಲಸದೆ, ನೌಕರರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬ ಒಂದೇ ಎಳೆ ಹಿಡಿದು ಹೋದದ್ದು ಅದರ ಬಲ.

ಮೆಟೀರಿಯಲ್ ಎಂದರೆ ಯಾರಿಗೆ ಎಂಬ ಜಗಳವೂ ನಡೆದಿದೆ. ಸುಸ್ಥಿರತೆಯ ವರದಿ ಹೇಗಿರಬೇಕು ಎಂದು 2023ರ ಜೂನ್‌ನಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾನದಂಡಗಳು ಹೂಡಿಕೆದಾರರ ಕಣ್ಣಿನಿಂದ ನೋಡುತ್ತವೆ. ಹೊರಗಿನ ಪರಿಸರ ಕಂಪನಿಗೆ ಏನು ಮಾಡೀತು ಎಂಬುದು ಅವುಗಳ ಕೇಳಿಕೆ. ಯುರೋಪಿಯನ್ ಒಕ್ಕೂಟದಲ್ಲಿ 2023ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಇನ್ನೊಂದನ್ನೂ ಸೇರಿಸಿತು: ಕಂಪನಿ ಹೊರಗಿನ ಜಗತ್ತಿಗೆ ಏನು ಮಾಡುತ್ತಿದೆ? ಇದನ್ನು ಡಬಲ್ ಮೆಟೀರಿಯಾಲಿಟಿ ಅನ್ನುತ್ತಾರೆ. ನಾನು ಎರಡನೆಯ ಪಕ್ಷದವನು. ಇಂದು ಹೊರಗೆ ಮಾಡಿದ ಹಾನಿ ನಾಳೆ ದಂಡವಾಗಿಯೋ, ಕಾನೂನಾಗಿಯೋ, ಗ್ರಾಹಕರ ಸಿಟ್ಟಾಗಿಯೋ ಒಳಗೆ ಬರುವುದನ್ನು ಬೇಕಾದಷ್ಟು ನೋಡಿದ್ದೇವೆ. ಹಾಗೆ ಒಳಗೆ ಬಾರದೇ ಹೋದರೂ ಹಾನಿ ಹಾನಿಯೇ. ಅದನ್ನು ಬೋರ್ಡ್ ತಿಳಿದಿರಬೇಕು.

ಇನ್ನು ರೇಟಿಂಗ್. ನಿಮ್ಮ ಕಂಪನಿಗೆ ಎರಡು ಸಂಸ್ಥೆಗಳು ಎರಡು ಥರದ ಅಂಕ ಕೊಟ್ಟದ್ದರಲ್ಲಿ ನಿಮ್ಮ ತಪ್ಪಿಲ್ಲ. ಫ್ಲೋರಿಯಾನ್ ಬರ್ಗ್, ಜೂಲಿಯನ್ ಕೋಲ್ಬೆಲ್ ಮತ್ತು ರಾಬರ್ಟೊ ರಿಗೊಬಾನ್ ಆರು ರೇಟಿಂಗ್ ಸಂಸ್ಥೆಗಳ ಅಂಕಗಳನ್ನು ಹೋಲಿಸಿದರು. ಅವುಗಳ ನಡುವಿನ ಹೊಂದಾಣಿಕೆ 0.38ರಿಂದ 0.71ರವರೆಗೆ, ಸರಾಸರಿ 0.54. ಪೂರ್ತಿ ಒಪ್ಪಿಗೆ ಇದ್ದರೆ ಅದು 1 ಆಗುತ್ತದೆ. ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಕ್ರೆಡಿಟ್ ರೇಟಿಂಗ್‌ಗಳಲ್ಲಿ ಈ ಹೊಂದಾಣಿಕೆ 0.9ಕ್ಕಿಂತ ಜಾಸ್ತಿ. ಅಂದರೆ ಇಎಸ್‌ಜಿ ಅಂಕ ಕೊಡುವವರು ಒಂದೇ ಕಂಪನಿಯನ್ನು ನೋಡಿ ಬೇರೆ ಬೇರೆ ಮಾತಾಡುತ್ತಿದ್ದಾರೆ.

ಯಾಕೆ ಹೀಗೆ? ಯಾವುದಕ್ಕೆ ಎಷ್ಟು ತೂಕ ಕೊಡುತ್ತಾರೆ ಎಂಬುದರಲ್ಲಿ ವ್ಯತ್ಯಾಸ ಇರಬೇಕು ಅಂತ ಹೆಚ್ಚಿನವರು ಊಹಿಸುತ್ತಾರೆ. ತೂಕದ ಪಾಲು ಬರೀ ಶೇ 6. ಯಾವ ವಿಷಯಗಳನ್ನು ಲೆಕ್ಕಕ್ಕೆ ತಗೊಂಡರು ಎಂಬುದರ ಪಾಲು ಶೇ 38. ಉಳಿದ ಶೇ 56 ಬರುವುದು ಒಂದೇ ವಿಷಯವನ್ನು ಬೇರೆ ಬೇರೆ ರೀತಿ ಅಳೆಯುವುದರಿಂದ. ಕೆಲಸಗಾರರ ಸ್ಥಿತಿಯನ್ನೇ ತಗೊಳ್ಳಿ. ಒಬ್ಬರು ಎಷ್ಟು ಜನ ಕೆಲಸ ಬಿಟ್ಟರು ಅಂತ ಎಣಿಸುತ್ತಾರೆ, ಇನ್ನೊಬ್ಬರು ಕೋರ್ಟಿಗೆ ಹೋದ ಮೊಕದ್ದಮೆ ಎಣಿಸುತ್ತಾರೆ. ಎರಡೂ ಅಳತೆಗಳೇ, ಆದರೆ ಅಳೆಯುತ್ತಿರುವುದು ಒಂದೇ ವಸ್ತುವನ್ನಲ್ಲ. ಹಾಗಿದ್ದರೆ ಹೆಚ್ಚು ಮಾಹಿತಿ ಕೊಟ್ಟರೆ ಒಪ್ಪಿಗೆ ಮೂಡಬೇಕಲ್ಲ? ಡೇನ್ ಕ್ರಿಸ್ಟೆನ್ಸನ್ ಮತ್ತು ಅವರ ಜೊತೆಗಾರರು 2022ರಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ಕಂಪನಿ ಹೆಚ್ಚು ಮಾಹಿತಿ ಕೊಟ್ಟಷ್ಟೂ ರೇಟಿಂಗ್ ಸಂಸ್ಥೆಗಳ ಭಿನ್ನಾಭಿಪ್ರಾಯ ಹೆಚ್ಚುತ್ತದೆ. ಯಾವುದು ಒಳ್ಳೆಯದು ಎಂಬ ಒಪ್ಪಂದವೇ ಇಲ್ಲದಾಗ ಮಾಹಿತಿ ಹೆಚ್ಚಿದರೆ ವಾದಕ್ಕೆ ಸರಕು ಹೆಚ್ಚುತ್ತದೆ ಅಷ್ಟೇ.

ಇಂಗಾಲದ ಅಂಕಿಗಳಲ್ಲೂ ಇಂಥದೇ ಸಮಸ್ಯೆ ಇದೆ. ಎಷ್ಟೋ ಕಂಪನಿಗಳು ತಮ್ಮ ಹೊರಸೂಸುವಿಕೆಯನ್ನು ತಾವೇ ವರದಿ ಮಾಡುವುದಿಲ್ಲ. ಆಗ ಮಾಹಿತಿ ಮಾರುವವರು ಅಂದಾಜು ಹಾಕುತ್ತಾರೆ. ಆ ಅಂದಾಜು ಕಂಪನಿಯ ಗಾತ್ರ, ಉದ್ಯಮಗಳನ್ನು ಹಿಡಿದುಕೊಂಡೇ ಹೋಗುತ್ತದೆ. ಜಿತೇಂದ್ರ ಅಸ್ವಾನಿ, ಅನೀಶ್ ರಘುನಂದನ್, ಶಿವ ರಾಜಗೋಪಾಲ್ ಮೂವರೂ ಸೇರಿ ಅಂದಾಜು ಅಂಕಿ ಮತ್ತು ಕಂಪನಿಗಳೇ ಕೊಟ್ಟ ಅಂಕಿಗಳನ್ನು ಬೇರೆ ಬೇರೆ ಇಟ್ಟು ನೋಡಿದರು. ಹೊರಸೂಸುವಿಕೆಗೂ ಷೇರಿನ ಆದಾಯಕ್ಕೂ ಇದೆ ಎನ್ನಲಾದ ನಂಟು ಕಂಡದ್ದು ಅಂದಾಜು ಅಂಕಿಗಳಲ್ಲಿ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಅಳೆದದ್ದೋ ಅಂದಾಜೋ ಅಂತ ಬರೆಯಿರಿ. ದಯವಿಟ್ಟು ಇದೊಂದನ್ನು ಬಿಡಬೇಡಿ.

ಎರಡನೆಯದು, ಕಾಲ. ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದ ಹೃದಯ ಇಲ್ಲಿದೆ. ಪ್ರತಿಮಾ ಬನ್ಸಾಲ್ ಮತ್ತು ಮಾರ್ಕ್ ಡಿಜಾರ್ಡೀನ್ 2014ರಲ್ಲಿ ಒಂದು ಸರಳ ಮಾತು ಹೇಳಿದರು. ಸಾಮಾಜಿಕ ಹೊಣೆ ಬೇರೆ, ಸುಸ್ಥಿರತೆ ಬೇರೆ. ಸುಸ್ಥಿರತೆ ಎಂದರೆ ಕಾಲದ ವಿಚಾರ. ಇಂದಿನ ಅಗತ್ಯಕ್ಕೂ ನಾಳಿನ ಅಗತ್ಯಕ್ಕೂ ನಡುವೆ ಯಾವುದನ್ನು ಎಷ್ಟು ಬಿಟ್ಟುಕೊಡುತ್ತೀರಿ ಎಂಬ ಲೆಕ್ಕ. ಇದನ್ನು ಒಪ್ಪಿದರೆ "ಲಾಭವೋ ಪರಿಸರವೋ" ಎಂಬ ವಾದದ ಚಹರೆಯೇ ಬದಲಾಗುತ್ತದೆ. ಯಾವ ವರ್ಷದ ಲಾಭ ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಅಂಕಿ ಇದೆ. ಜಾನ್ ಗ್ರಹಾಂ, ಕ್ಯಾಂಪ್‌ಬೆಲ್ ಹಾರ್ವಿ ಮತ್ತು ಶಿವ ರಾಜಗೋಪಾಲ್ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 400ಕ್ಕೂ ಹೆಚ್ಚು ಹಣಕಾಸು ಅಧಿಕಾರಿಗಳನ್ನು ಮಾತಾಡಿಸಿದ್ದರು. ಗಳಿಕೆ ಏರಿಳಿತವಿಲ್ಲದೆ ಕಾಣುವಂತೆ ಮಾಡಲು ಕಂಪನಿಯ ನಿಜವಾದ ಮೌಲ್ಯವನ್ನು ಬಿಟ್ಟುಕೊಡಲು ಸಿದ್ಧ ಎಂದವರು ಶೇ 78. ಇವರು ಕೆಟ್ಟವರೇನಲ್ಲ. ಮೂರು ತಿಂಗಳಿಗೊಮ್ಮೆ ಅಂಕಿ ಕೇಳುವವರ ಮುಂದೆ ನಿಲ್ಲಬೇಕಾದವರು. ಇಂಥ ಕಡೆ ಹತ್ತು ವರ್ಷದ ನೀರಿನ ಯೋಜನೆಗೆ ಜಾಗ ಎಲ್ಲಿ ಸಿಗುತ್ತದೆ?

ಅದಕ್ಕೇ ಮೂರನೆಯ ವಿಷಯ, ಆಡಳಿತ. ನಾನು ಸಲಹೆಗಾರನಾಗಿ ಹೋಗಿದ್ದ ಒಂದು ಕಂಪನಿಯ ಬೋರ್ಡ್ ಸಭೆಯಲ್ಲಿ ಸುಸ್ಥಿರತೆ ಅಂದಿನ ವಿಷಯ ಪಟ್ಟಿಯ ಕೊನೆಯ ಸಾಲಾಗಿತ್ತು. ಆ ಹೊತ್ತಿಗೆ ಇಬ್ಬರು ನಿರ್ದೇಶಕರು ಹೊರಟಾಗಿತ್ತು. ಚೆಂದದ ವರದಿಯನ್ನು ಎಲ್ಲರೂ ಮೆಚ್ಚಿದರು, ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅದೇ ದಿನ ಬೆಳಿಗ್ಗೆ, ಅದೇ ಬೋರ್ಡ್ ಒಂದು ದೊಡ್ಡ ಬಾಯ್ಲರ್ ಖರೀದಿಗೆ ಒಪ್ಪಿಗೆ ಕೊಟ್ಟಿತ್ತು. ಮುಂದಿನ ಇಪ್ಪತ್ತು ವರ್ಷ ಯಾವ ಇಂಧನ ಸುಡಬೇಕು ಎಂಬುದು ಆ ಬೆಳಗಿನ ಒಪ್ಪಿಗೆಯಲ್ಲೇ ತೀರ್ಮಾನವಾಗಿತ್ತು. ಸಂಜೆಯ ವರದಿಯಲ್ಲಿ ಆ ಬಾಯ್ಲರ್ ಹೆಸರೇ ಇರಲಿಲ್ಲ.

ನಿಮ್ಮ ಎರಡನೇ ನಿರ್ದೇಶಕರ ಮಾತಿಗೂ ಇಲ್ಲೇ ಉತ್ತರ ಇದೆ. ಅವರು ಹೇಳುತ್ತಿರುವುದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಮಾತು. ಆದರೆ ಫ್ರೀಡ್‌ಮನ್ ಅದಕ್ಕೊಂದು ಕಟ್ಟುಪಾಡು ಹಾಕಿದ್ದರು: ಆಟದ ನಿಯಮದೊಳಗೆ, ಮೋಸವಿಲ್ಲದೆ. ಎಡ್ವರ್ಡ್ ಫ್ರೀಮನ್ 1984ರಲ್ಲಿ ಇನ್ನೊಂದು ದಾರಿ ತೋರಿದರು. ನೌಕರರು, ಗ್ರಾಹಕರು, ಪೂರೈಕೆದಾರರು, ಸುತ್ತಲಿನ ಜನ ಇವರೆಲ್ಲರ ಹಿತ ಹೆಣೆದುಕೊಂಡೇ ಕಂಪನಿ ನಡೆಯುತ್ತದೆ ಎಂದರು. 2019ರ ಆಗಸ್ಟ್‌ನಲ್ಲಿ ಅಮೆರಿಕದ 181 ದೊಡ್ಡ ಕಂಪನಿಗಳ ಸಿಇಒಗಳು ಈ ಎರಡನೇ ದಾರಿಗೆ ಒಪ್ಪಿ ಹೇಳಿಕೆಗೆ ಸಹಿ ಹಾಕಿದಾಗ ದೊಡ್ಡ ಸುದ್ದಿಯಾಯಿತು. ಲೂಸಿಯನ್ ಬೆಬ್ಚಕ್ ಮತ್ತು ರೊಬೆರ್ಟೊ ತಲ್ಲರೀಟಾ ಆ ಕಂಪನಿಗಳಿಗೆ ಪತ್ರ ಬರೆದು, ಸಹಿಗೆ ಒಪ್ಪಿಗೆ ಕೊಟ್ಟವರು ಯಾರು ಅಂತ ಕೇಳಿದರು. ಉತ್ತರಿಸಿದ 48 ಕಂಪನಿಗಳಲ್ಲಿ ಬೋರ್ಡ್ ಒಪ್ಪಿಗೆ ಪಡೆದದ್ದು ಒಂದೇ ಒಂದು. ಕಂಪನಿಯ ಗುರಿಯೇ ನಿಜವಾಗಿ ಬದಲಾಗಿದ್ದರೆ ಬೋರ್ಡ್‌ಗೆ ತಿಳಿಸದೆ ಯಾರಾದರೂ ಸಹಿ ಹಾಕುತ್ತಾರೆಯೇ? ಇನ್ನೊಂದು ಅಧ್ಯಯನದಲ್ಲಿ ರಘುನಂದನ್ ಮತ್ತು ರಾಜಗೋಪಾಲ್, ಸಹಿ ಹಾಕಿದ ಕಂಪನಿಗಳು ತಮ್ಮದೇ ಉದ್ಯಮದ ಇತರರಿಗಿಂತ ಹೆಚ್ಚು ಸಲ ಪರಿಸರ ಮತ್ತು ಕಾರ್ಮಿಕ ಕಾನೂನು ಮುರಿದದ್ದನ್ನು ಕಂಡರು.

ಅಂಕ ಒಂದು ಕಡೆ, ಆಡಳಿತ ಇನ್ನೊಂದು ಕಡೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಇದೆ. 2015ರಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕ ಅದನ್ನು ವಾಹನ ಉದ್ಯಮದ ಮುಂದಾಳು ಎಂದಿತ್ತು. ಅದೇ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ನೋಟಿಸ್ ಕೊಟ್ಟಿತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಡೀಸೆಲ್ ಕಾರುಗಳಲ್ಲಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೂ ಹೋಗುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಸೂಚ್ಯಂಕದಿಂದ ಅದನ್ನು ತೆಗೆದದ್ದು ಆಮೇಲೆ. ಕಂಪನಿ ತಾನೇ ತುಂಬಿ ಕೊಟ್ಟ ಉತ್ತರಗಳ ಮೇಲೆ ನಿಂತ ಅಂಕ, ಕಂಪನಿ ಬಚ್ಚಿಟ್ಟದ್ದನ್ನು ಹೇಗೆ ತೋರಿಸೀತು?

ಬೋರ್ಡ್‌ನ ರಚನೆ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆಯೂ ನಿಮಗೆ ಬರಬಹುದು. ಅಲ್ಲೂ ಅವಸರ ಬೇಡ. ನಾರ್ವೆ 2003ರಲ್ಲಿ ಕಾನೂನು ಮಾಡಿ, 2008ರ ಹೊತ್ತಿಗೆ ಬೋರ್ಡ್‌ಗಳಲ್ಲಿ ಮಹಿಳೆಯರ ಪಾಲು ಶೇ 40 ಇರಲೇಬೇಕೆಂದಿತು. ಇದರಿಂದ ಕಂಪನಿಗಳ ಮೌಲ್ಯ ಕುಸಿಯಿತು ಎಂದು 2012ರ ಒಂದು ಹೆಸರಾಂತ ಅಧ್ಯಯನ ಹೇಳಿತು. 2022ರಲ್ಲಿ ಎಕ್‌ಬೊ, ನೀಗಾರ್ಡ್, ಥೋರ್‌ಬರ್ನ್ ಮತ್ತೆ ಲೆಕ್ಕ ಹಾಕಿದಾಗ ಗಣನೀಯ ನಷ್ಟವೇನೂ ಕಾಣಲಿಲ್ಲ. ಹತ್ತು ವರ್ಷ ಎಲ್ಲರೂ ಉಲ್ಲೇಖಿಸಿದ ಫಲಿತಾಂಶ ಅದು. ಒಂದೇ ಪ್ರಬಂಧದ ಮೇಲೆ ಬೋರ್ಡ್ ನಿರ್ಧಾರ ನಿಲ್ಲಿಸಬೇಡಿ ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ.

ಅಳೆದು ಬಹಿರಂಗವಾಗಿ ಹೇಳುವುದರಿಂದ ಉಪಯೋಗ ಇದೆಯೇ ಎಂದರೆ, ಇದೆ. 2013ರಲ್ಲಿ ಬ್ರಿಟನ್, ಷೇರುಪೇಟೆಯಲ್ಲಿ ಲಿಸ್ಟ್ ಆಗಿರುವ ಕಂಪನಿಗಳು ಹೊರಸೂಸುವಿಕೆಯನ್ನು ವಾರ್ಷಿಕ ವರದಿಯಲ್ಲಿ ಹೇಳಲೇಬೇಕೆಂದಿತು. ಬೆನೆಡಿಕ್ಟ್ ಡೌನಾರ್ ಮತ್ತು ಜೊತೆಗಾರರು ನೋಡಿದಾಗ, ಈ ನಿಯಮಕ್ಕೆ ಒಳಪಟ್ಟ ಕಂಪನಿಗಳ ಹೊರಸೂಸುವಿಕೆ ಇತರರಿಗೆ ಹೋಲಿಸಿದರೆ ಸುಮಾರು ಶೇ 8ರಷ್ಟು ಇಳಿದಿತ್ತು. ಅವುಗಳ ಲಾಭದ ಪ್ರಮಾಣಕ್ಕೆ ಗಣನೀಯ ಪೆಟ್ಟು ಬಿದ್ದಿರಲಿಲ್ಲ. ಒಂದು ಸ್ಪಷ್ಟ ಅಂಕಿ, ಎಲ್ಲರೂ ಒಂದೇ ಕಡೆ ಓದಬಹುದಾದ ಜಾಗದಲ್ಲಿ. ಅದಕ್ಕೆ ಇಷ್ಟು ಬಲ ಇದೆ ಎಂದು ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು.

ಆದ್ದರಿಂದ ಟಿಪ್ಪಣಿಯನ್ನು ಹೀಗೆ ಬರೆಯಿರಿ. ಲಾಭದ ವಾದಕ್ಕೆ ಅರ್ಧ ಪುಟ ಸಾಕು. ನಿಮ್ಮ ಕಂಪನಿಗೆ ತಟ್ಟುವ ಮೂರೋ ನಾಲ್ಕೋ ವಿಷಯ ಆರಿಸಿ. ಪ್ರತಿಯೊಂದಕ್ಕೂ ಅದು ಯಾವಾಗ ತಟ್ಟೀತು, ಈಗ ಏನು ಅಳೆಯುತ್ತಿದ್ದೇವೆ, ಯಾರು ಹೊಣೆ ಎಂದು ಬರೆಯಿರಿ. ಮುಂದಿನ ಎರಡು ವರ್ಷದಲ್ಲಿ ಬೋರ್ಡ್ ಒಪ್ಪಬೇಕಾದ ದೊಡ್ಡ ಖರೀದಿಗಳ ಪಟ್ಟಿಯನ್ನು ಪಕ್ಕದಲ್ಲಿಡಿ. ಯಾವ ಖರೀದಿ ಯಾವ ವಿಷಯವನ್ನು ಮುಟ್ಟುತ್ತದೆ ಎಂದು ಗೆರೆ ಎಳೆದು ತೋರಿಸಿ. ಬೋರ್ಡ್ ಚರ್ಚೆ ಆಗಬೇಕಾದದ್ದು ಆ ಗೆರೆಗಳ ಮೇಲೆ.

ಉಳಿದದ್ದು ಬೋನಸ್. ಇಲ್ಲಿ ಸಂಶೋಧಕರು ಎರಡು ಗುಂಪು. ಫ್ಲ್ಯಾಮರ್, ಬ್ರಯಾನ್ ಹಾಂಗ್, ಡೈಲನ್ ಮೈನರ್ 2019ರಲ್ಲಿ, ಸಾಮಾಜಿಕ ಹೊಣೆಯ ಗುರಿಗಳನ್ನು ಸಂಬಳಕ್ಕೆ ಸೇರಿಸಿದ ಕಂಪನಿಗಳಲ್ಲಿ ದೂರದೃಷ್ಟಿ ಹೆಚ್ಚಿತು, ಹೊರಸೂಸುವಿಕೆ ತಗ್ಗಿತು ಎಂದರು. ಬೆಬ್ಚಕ್ ಮತ್ತು ತಲ್ಲರೀಟಾ 2022ರಲ್ಲಿ ಇದನ್ನು ಒಪ್ಪಲಿಲ್ಲ. ಹೆಚ್ಚಿನ ಗುರಿಗಳು ಕಿರಿದಾಗಿವೆ, ಹೊರಗಿನವರು ಪರೀಕ್ಷಿಸಲಾಗದಂತಿವೆ, ಸಿಇಒಗೆ ಇನ್ನಷ್ಟು ಹಣ ಕೊಡಲು ನೆಪವಾಗಬಹುದು ಎಂದರು. ನನಗೆ ಇಬ್ಬರ ಮಾತೂ ಸರಿ ಕಾಣುತ್ತದೆ. ಗುರಿ ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ರೇಟಿಂಗ್ ಸಂಸ್ಥೆಯ ಅಂಕಕ್ಕಂತೂ ಬೋನಸ್ ಕಟ್ಟಲೇಬೇಡಿ. ಆ ಅಂಕ ನಿಮ್ಮ ಕೈಯಲ್ಲಿಲ್ಲ, ಏನನ್ನು ಅಳೆಯುತ್ತದೆ ಎಂಬುದೂ ಸ್ಪಷ್ಟವಿಲ್ಲ. ಕಟ್ಟುವುದಾದರೆ ಒಂದೋ ಎರಡೋ ಭೌತಿಕ ಅಳತೆಗೆ ಕಟ್ಟಿ: ಬಳಸಿದ ನೀರು, ಸುಟ್ಟ ಇಂಧನ, ಕೆಲಸದ ವೇಳೆ ಗಾಯಗೊಂಡವರ ಸಂಖ್ಯೆ. ಗಾಯದ ಲೆಕ್ಕದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಬೋನಸ್ ಉಳಿಸಲು ಗಾಯವನ್ನೇ ವರದಿ ಮಾಡದ ಸ್ಥಿತಿ ಬರಬಾರದು. ಹಣ ಮೂರರಿಂದ ಐದು ವರ್ಷದ ಕೊನೆಗೆ ಸಿಗಲಿ. ಅದಕ್ಕೂ ಮೊದಲು ನಿಮ್ಮ ಆಡಿಟ್ ಸಮಿತಿಯನ್ನು ಒಂದು ಮಾತು ಕೇಳಿ: ಮಾರಾಟದ ಅಂಕಿಯನ್ನು ತಪಾಸಣೆ ಮಾಡುವಷ್ಟೇ ಕಟ್ಟುನಿಟ್ಟಾಗಿ ಈ ಅಂಕಿಯನ್ನೂ ಮಾಡುತ್ತೀರಾ? ಇಲ್ಲ ಎಂದರೆ ಬೋನಸ್ ಪ್ರಸ್ತಾವವನ್ನು ಒಂದು ವರ್ಷ ಮುಂದೂಡಿ, ಆ ವರ್ಷವನ್ನು ಮೀಟರ್ ಹಾಕಿಸಿ ಅಂಕಿ ಸರಿಪಡಿಸಲು ಬಳಸಿ.